ಕಾಳಿಲ್ಲದ ಬೀಸು

ರಾನ್ಸ್ ನದಿಯ ಅಳಿವೆಯಲ್ಲಿ ಸಮುದ್ರದ ಉಬ್ಬರದ ನೀರಿನಿಂದ ತಿರುಗುವ ಹಳೇ ಹಿಟ್ಟಿನ ಗಿರಣಿಯನ್ನು ಸಂರಕ್ಷಣಾ ಸಮಿತಿಯವರು ಉಳಿಸಿದರು, ಇಲ್ಲವೆನ್ನುವುದಿಲ್ಲ. ಚಾವಣಿ ಹೊಸದಾಯಿತು, ಚಕ್ರಕ್ಕೆ ಓಕ್ ಹಲಗೆ ಬಂತು. ಬೀಸುಗಲ್ಲುಗಳನ್ನು ಮಾತ್ರ ಹಳೇ ಗಿರಣಿಯವನ ಮಗಳು ಅಜೆನೋರ್ ಯಾರಿಗೂ ಮುಟ್ಟಗೊಡಲಿಲ್ಲ. ಅಪ್ಪನ ಕಾಲದ ಕಲ್ಲುಗಳು. ಇಡೀ ಚಳಿಗಾಲ ಮಂಡಿಯೂರಿ ಕಾಳು ಅರೆಯುವ ಒಂದೊಂದು ಗೀರನ್ನೂ ಅವಳೇ ಉಳಿಯಿಂದ ಕಡೆದಿದ್ದಳು. ಸಿಡಿದ ಉಕ್ಕಿನ ಚೂರುಗಳು ಮುಂಗೈಯ ಚರ್ಮದಡಿ ನೀಲಿಗಟ್ಟಿ ಕೂತಿದ್ದವು. ಆ ಕಲ್ಲಿನಿಂದ ಮತ್ತೊಮ್ಮೆ ಹಿಟ್ಟು ಬೀಳುವುದನ್ನು ನೋಡಬೇಕು, ಅಷ್ಟೇ ಅವಳ ಆಸೆ.

ಉದ್ಘಾಟನೆಯ ದಿನ ಅವಳು ಸುರಿದಿಟ್ಟಿದ್ದ ಗೋಧಿಯನ್ನು ಸಮಿತಿಯ ಅಧ್ಯಕ್ಷ ತುಗ್ದುವಾಲ್ ಗುಡಿಸಿಹಾಕಿಸಿದ್ದ.

"ಕಾಳು ಯಾಕೋ ತೆಗೆಸಿದೆ?"

"ಹಿಟ್ಟು ಬಿದ್ರೆ ಇಲಿ ಬರ್ತವೆ ಕಣಮ್ಮ. ಇದು ಈಗ ಮ್ಯೂಸಿಯಂ. ತಿರುಗೋದು ಕಂಡ್ರೆ ಸಾಕು ಜನಕ್ಕೆ."

"ಕಾಳಿಲ್ದೆ ತಿರುಗಿಸಿದ್ರೆ ಕಲ್ಲು ಕಲ್ಲನ್ನೇ ತಿಂದುಹಾಕುತ್ತೆ ಕಣೋ, ದಡ್ಡ ಮುಂಡೇದೆ!"

ತುಗ್ದುವಾಲ್ ಅತಿಥಿಗಳ ಕಡೆ ತಿರುಗಿ ನಕ್ಕ. "ನೋಡಿ, ನಮ್ಮ ಗಿರಣಿಯಮ್ಮನ ಬಾಯಿಯನ್ನೂ ಹಾಗೇ ಉಳಿಸ್ಕೊಂಡಿದ್ದೀವಿ!" ಎಲ್ಲರೂ ಹೋ ಎಂದು ನಕ್ಕರು. ಅವಳ ಮೈಯೆಲ್ಲ ಉರಿದುಹೋಯಿತು.

ಸಮುದ್ರ ಇಳಿದಿತ್ತು, ಗಿರಣಿಯ ಹಿಂದಿನ ಕೊಳದಲ್ಲಿ ಉಬ್ಬರದಾಗ ತುಂಬಿಕೊಂಡ ನೀರು ನಿಂತಿತ್ತು. ತೂಬು ಎತ್ತಿದರು, ಚಕ್ರ ತಿರುಗಿತು. ಅಜೆನೋರ್ ಯಾರಿಗೂ ಕಾಣದಂತೆ ಕಲ್ಲೆತ್ತುವ ತಿರುಪು ತಿರುಗಿಸಿ ಮೇಲುಗಲ್ಲನ್ನು ಒಂದು ಬೆರಳಿನಷ್ಟು ಎತ್ತಿಬಿಟ್ಟಳು. ಕಲ್ಲಿಗೆ ಕಲ್ಲು ತಾಗಲಿಲ್ಲ.

"ಸದ್ದೇ ಇಲ್ವಲ್ರೀ? ಮೋಟಾರ್ ಇಟ್ಟಿದ್ದಾರಾ ಹೇಗೆ?" ಎಂದ ಯಾರೋ.

ತುಗ್ದುವಾಲ್ ಅವಳ ಕಿವಿಯ ಹತ್ತಿರ ಬಗ್ಗಿದ. "ಕಲ್ಲು ಇಳಿಸು. ಇಲ್ಲಾಂದ್ರೆ ನಾನೇ ಇಳಿಸ್ತೀನಿ. ಎಷ್ಟು ಇಳಿಸ್ಬೇಕು ಅಂತ ನಂಗೊತ್ತಿಲ್ಲ ನೋಡು, ಒಡೆದುಹೋದ್ರೆ ನನ್ನ ಕೇಳ್ಬೇಡ."

ಪಾಪಿ! ಅವನ ಕೈಗೆ ಬಿಟ್ಟರೆ ಕಲ್ಲು ಸೀಳುವುದು ಖಂಡಿತ. ಅಜೆನೋರ್ ಹಲ್ಲು ಕಚ್ಚಿ, ತನ್ನ ಕೈಯಿಂದಲೇ, ಕೂದಲೆಳೆಯಷ್ಟಷ್ಟೇ ಇಳಿಸಿದಳು.

ಕಲ್ಲು ಕಿರುಚಿತು. ಕಿಡಿ ಹಾರಿತು, ಸುಟ್ಟ ವಾಸನೆ ಬಂತು. ಜನ ಚಪ್ಪಾಳೆ ತಟ್ಟಿದರೋ ತಟ್ಟಿದರು. ಅವಳು ಓಡಿಹೋಗಿ ತೂಬು ಇಳಿಸಿ, ನಿಂತ ಮೇಲುಗಲ್ಲನ್ನು ಮತ್ತೆ ಎತ್ತಿ ಸಂದಿಗೆ ಬೆರಳು ತೂರಿಸಿದಳು. ಬಿಸಿ. ಅಂಚಿನ ಗೀರುಗಳು ಅರ್ಧಕ್ಕರ್ಧ ಸವೆದಿದ್ದವು.

"ಇನ್ನೊಂದ್ಸಲ! ವಿಡಿಯೋ ತಗೊಳ್ಳೋದು ತಪ್ಪಿಹೋಯ್ತು!" ಎಂದಳು ಹಿಂದಿನಿಂದ ಒಬ್ಬಾಕೆ.

"ನೀರು ಮುಗೀತು," ಎಂದಳು ಅಜೆನೋರ್. ಹುಟ್ಟಿದ ಮೇಲೆ ಅವಳು ನೀರಿನ ವಿಷಯದಲ್ಲಿ ಹೇಳಿದ ಮೊದಲ ಸುಳ್ಳು ಅದು.

ತುಗ್ದುವಾಲ್ ಕೊಳದ ಕಡೆಯ ಕಿಟಕಿ ತೆರೆದ. ಇನ್ನೂ ಮೂರು ಗಂಟೆ ತಿರುಗಿಸುವಷ್ಟು ನೀರು ಕೊಳದಲ್ಲಿತ್ತು.