ಹಿತ್ತಾಳೆಗೆ ತಕ್ಕ ಕೀರ್ತನೆ

ಆರ್ವಿಡ್‌ನ ಹೆಂಡತಿ ಸಿಗ್ನಿಯನ್ನು ಚರ್ಚಿನ ಆರ್ಗನ್ ಮುಂದಿನಿಂದ ಎಬ್ಬಿಸಿದ್ದು ಸೆಪ್ಟೆಂಬರಿನಲ್ಲಿ. ಅವಳು ಮಾಡಿದ ತಪ್ಪು ಇಷ್ಟೇ: ನುಡಿಸುವುದು ನಿಧಾನ. ಅವಳ ಕೀರ್ತನೆ ಮುಗಿಯುವಷ್ಟರಲ್ಲಿ ಮನೆಯ ಒಲೆಯಲ್ಲಿಟ್ಟ ಮಾಂಸ ಸೀದು ಹೋಗಿರುತ್ತದೆ, ಟೀವಿಯಲ್ಲಿ ಫುಟ್‌ಬಾಲ್ ಶುರುವಾಗಿರುತ್ತದೆ ಎಂದು ಹಿರಿಯರ ಸಮಿತಿಯ ಡೆಲ್ಬರ್ಟ್ ದೂರಿದ. ಸಮಿತಿ ಕೈಯೆತ್ತಿ ಒಪ್ಪಿತು. ಅವಳ ಜಾಗಕ್ಕೆ ಬಂದ ಹುಡುಗಿ ಮೈಮೇಲೆ ಬಂದವಳಂತೆ ಬಾರಿಸಿದಳು.

ಸಿಗ್ನಿ ಅಳಲಿಲ್ಲ. ಮನೆಗೆ ಬಂದವಳೇ ಪಿಯಾನೋ ಮುಚ್ಚಿ, ಅದರ ಮೇಲೆ ಬೀಟ್‌ರೂಟ್ ಉಪ್ಪಿನಕಾಯಿಯ ಸೀಸೆಗಳನ್ನು ಸಾಲಾಗಿ ಜೋಡಿಸಿಬಿಟ್ಟಳು.

ಆರ್ವಿಡ್‌ಗೆ ಎರಡು ಕಷ್ಟ ಶುರುವಾದವು. ಹೆಂಡತಿಯ ಮುಖ ನೋಡಲಾಗುತ್ತಿರಲಿಲ್ಲ, ಅದು ಒಂದು. ಇನ್ನೊಂದು ಅವನ ಗುಟ್ಟು. ಗುಂಡು ಹಾರಿಸಿ ಖಾಲಿಯಾದ ತೋಟಾದ ಹಿತ್ತಾಳೆ ಕೊಳವೆಗೆ ಮತ್ತೆ ಮತ್ತೆ ಮದ್ದು ತುಂಬಿದರೆ ಅದರ ಕತ್ತು ಗಡುಸಾಗಿ ಸೀಳುತ್ತದೆ. ಕತ್ತನ್ನಷ್ಟೇ ಬೆಂಕಿಗೆ ಹಿಡಿದು, ನಸುಗೆಂಪು ಮೂಡಿತೋ ಇಲ್ಲವೋ ಎನ್ನುವಾಗ ನೀರಿಗೆ ಬಿಟ್ಟರೆ ಮೆದುವಾಗುತ್ತದೆ. ಊರಿನ ಅರ್ಧ ಗಂಡಸರ ಕೊಳವೆಗಳನ್ನು ಹದ ಮಾಡುತ್ತಿದ್ದವನು ಆರ್ವಿಡ್. ಗ್ಯಾರೇಜಿನ ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲು ಮಾಡಿ ಕೂರುವನು. ಗೋಡೆಯಾಚೆ ಸಿಗ್ನಿ ಭಾನುವಾರಕ್ಕೆ ಅಭ್ಯಾಸ ಮಾಡುವಳು. ಕೀರ್ತನೆಯ ಒಂದು ಸಾಲು ಮುಗಿಯುವಷ್ಟು ಹೊತ್ತು ಒಂದು ಕೊಳವೆ ಬೆಂಕಿಯಲ್ಲಿ. ಮೂವತ್ತೊಂದು ವರ್ಷ ಹೀಗೇ ನಡೆದಿತ್ತು. ದೇವರ ಹಾಡನ್ನು ಬೆಂಕಿಯ ಲೆಕ್ಕಕ್ಕೆ ಬಳಸುತ್ತೇನೆಂದು ಹೇಳಲು ನಾಚಿಕೆಯಾಗಿ ಅವಳಿಗೂ ಹೇಳಿರಲಿಲ್ಲ.

ಈಗ ತಾನೇ ಗುನುಗಿಕೊಂಡರೆ ಬಾಯಿಗೆ ಬರುವುದು ಆ ಹುಡುಗಿಯ ವೇಗ. ಕೊಳವೆಗಳು ಅರೆಬೆಂದು ಗಡುಸಾಗೇ ಉಳಿದವು.

ಎಲ್ಕ್ ಜಿಂಕೆಯ ಬೇಟೆಗೆ ಹತ್ತು ದಿನವಿರುವಾಗ ಡೆಲ್ಬರ್ಟ್ ಚೀಲ ಹಿಡಿದು ಗ್ಯಾರೇಜಿಗೆ ನುಗ್ಗಿದ.

"ಹದಿನೇಳು ಸೀಳಿವೆ ಮಾರಾಯಾ! ಏನಾಗಿದೆ ನಿಂಗೆ?"

"ನೀನೇ ಆಗಿರೋದು," ಎಂದ ಆರ್ವಿಡ್, ಮತ್ತು ತಡೆಯಲಾಗದೆ ಎಲ್ಲವನ್ನೂ ಕಕ್ಕಿಬಿಟ್ಟ.

"ಅಷ್ಟೇನಾ? ಫೋನ್ ಇದೆಯಲ್ಲಪ್ಪಾ!" ಡೆಲ್ಬರ್ಟ್ ಫೋನಿನಲ್ಲಿ ಆರು ಸೆಕೆಂಡಿಗೆ ಅಲಾರಂ ಇಟ್ಟ. ಅದು ಕತ್ತಲಲ್ಲಿ ಕಿರ್ರೆಂದು ಕೂಗಿದಾಗ ಆರ್ವಿಡ್ ಬೆಚ್ಚಿಬಿದ್ದು ಸುಡುವ ಕೊಳವೆಯನ್ನು ನೀರಿಗೆ ಬಿಡುವ ಬದಲು ಡೆಲ್ಬರ್ಟ್‌ನ ಬೂಟಿನೊಳಕ್ಕೆ ಬಿಟ್ಟ. ಅಂದೇ ಸಂಜೆ ಡೆಲ್ಬರ್ಟ್ ಕುಂಟುತ್ತಾ ಹೋಗಿ ತುರ್ತು ಸಭೆ ಕರೆದ.

ಮಾರನೆಯ ದಿನ ಆಲೂಗಡ್ಡೆ-ಮಾಂಸದ ಬಿಸಿ ಪಾತ್ರೆಯೊಂದಿಗೆ ಸಿಗ್ನಿಯ ಮುಂದೆ ನಿಂತ.

"ಸಭೆ ತೀರ್ಮಾನ ಮಾಡಿದೆ ಸಿಗ್ನಿ. ಇನ್ಮೇಲೆ ಕೀರ್ತನೆ ಹಿತ್ತಾಳೆ ಹದಕ್ಕೆ ಬರೋ ವೇಗದಲ್ಲೇ ಇರ್ಬೇಕು. ನೀನು ವಾಪಸ್ ಬರ್ಬೇಕು. ಒಂಬತ್ತು ಜನ ಹೂಂ ಅಂದ್ರು, ಇಬ್ರು ಬೇಡ ಅಂದ್ರು."

"ಯಾರು ಆ ಇಬ್ರು?"

"ಬಿಲ್ಲು ಬಾಣದಲ್ಲಿ ಬೇಟೆ ಆಡೋರು."

ಆರ್ವಿಡ್ ಬಾಗಿಲಿಗೆ ಬಂದು ನಿಂತ. ಅವಳು ಬೇಡವೆಂದರೆ ಆ ಪಿಯಾನೋ ಇನ್ನು ಉಪ್ಪಿನಕಾಯಿಗೇ ಸರಿ.

ಸಿಗ್ನಿ ಸೀಸೆಗಳನ್ನು ಒಂದೊಂದಾಗಿ ಎತ್ತಿ ಡೆಲ್ಬರ್ಟ್‌ನ ತೋಳಿಗೆ ತುಂಬಿದಳು. ಪಿಯಾನೋ ತೆರೆದು ಕುಳಿತು ಅದೇ ಹಳೆಯ ಕೀರ್ತನೆ ನುಡಿಸಿದಳು. ಆ ಹುಡುಗಿಯೂ ಬೆರಗಾಗುವ ವೇಗ! ಡೆಲ್ಬರ್ಟ್‌ನ ತೋಳಲ್ಲಿ ಸೀಸೆಗಳು ಗಡಗಡಿಸಿದವು.

"ಅಯ್ಯಯ್ಯೋ, ಇದಲ್ಲಮ್ಮಾ! ನಿಧಾನದ್ದು!"

"ಚರ್ಚಿಗೆ ಇನ್ಮೇಲೆ ಇದೇ. ಭಾನುವಾರ ಬರ್ತೀನಿ. ನಿಧಾನದ್ದು ಬೇಕಾದೋರು ಕೊಳವೆ ತಗೊಂಡು ನಮ್ಮನೆಗೆ ಬರ್ಲಿ."

ಆರ್ವಿಡ್ ಬಾಯಿ ತೆರೆದವನು ಮುಚ್ಚಲಿಲ್ಲ. "ನಿಂಗೆ ಹೀಗೂ ಬರುತ್ತಾ?"

"ಮದುವೆಯಾದ ವರ್ಷ ಹೀಗೇ ನುಡಿಸ್ತಿದ್ದೆ. ಗೋಡೆಯಾಚೆ ನಿನ್ನ ಬೈಗುಳವೋ ಬೈಗುಳ. ಒಂದಿನ ಬೆರಳು ನೋವಿತ್ತು, ನಿಧಾನ ನುಡಿಸ್ದೆ. ಅವತ್ತು ನೀನು ಬೈಲಿಲ್ಲ. ಆಮೇಲೆ ಅದೇ ಕೈಗೆ ಕೂತ್ಕೊಂಡ್ತು."

ಆರ್ಗನ್ ಮುಂದಿನ ಅವಳ ಕುರ್ಚಿ ಹೋದದ್ದು ತನ್ನಿಂದಲೇ ಎಂದು ತಿಳಿದು ಆರ್ವಿಡ್‌ಗೆ ಕಣ್ಣು ತುಂಬಿತು. "ಒಂದ್ ಮಾತು ಹೇಳ್ಬಾರ್ದಿತ್ತಾ ಮಾರಾಯ್ತೀ? ಒಂದು ಗಡಿಯಾರ ತರ್ತಿದ್ದೆ!"

"ತರ್ತೀಯ ಅಂತಲೇ ಹೇಳ್ಲಿಲ್ಲ," ಎಂದಳು ಸಿಗ್ನಿ. "ಚರ್ಚಲ್ಲಿ ಎಲ್ರೂ ಗಡಿಯಾರಾನೇ ನೋಡ್ತಿದ್ರು. ಕೇಳಿಸ್ಕೊಳ್ತಿದ್ದೋನು ನೀನೊಬ್ನೇ."