ತಂತಿ ಕಟ್ಟಿದ ಗೇಟು

ಗೇಟು ತೆರೆದಿದ್ದರೆ ತೆರೆದೇ ಬಿಡಬೇಕು, ಮುಚ್ಚಿದ್ದರೆ ಮುಚ್ಚಿಯೇ ಹೋಗಬೇಕು. ಫ್ಲಿಂಡರ್ಸ್ ಬೆಟ್ಟಗಳ ಆಚೆಗಿನ ಕುರಿ ಸೀಮೆಯಲ್ಲಿ ಬೈಬಲ್ ಓದದವನು ಸಿಕ್ಕಾನು, ಈ ಮಾತು ಗೊತ್ತಿಲ್ಲದವನು ಸಿಗಲಾರ. ಡಾರಿಲ್‌ಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದ ನೋಡಿ, ಅದೇ ಹೊಟ್ಟೆ ಉರಿಸುವ ಸಂಗತಿ.

ಅಡಿಲೇಡಿನಲ್ಲಿ ಬಚ್ಚಲುಮನೆಗಳಿಗೆ ಟೈಲ್ಸ್ ಹಾಕುವುದು ಅವನ ಕಸುಬು. ಕಸುಬಿನಲ್ಲಿ ಎತ್ತಿದ ಕೈ, ಎರಡು ಮಾತಿಲ್ಲ. ಆದರೆ ಹಳೆಯ ಫೋರ್‌ವೀಲ್ ಗಾಡಿಯೊಂದನ್ನು ಕೊಂಡ ದಿನದಿಂದ ಅವನ ತಲೆಗೆ ಅಗಲ ಅಂಚಿನ ಟೋಪಿ ಬಂತು, ಬಾಯಿಗೆ ಉಪದೇಶ ಬಂತು. ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಕಲ್ಲು, ಮರಳು, ಹೊಳೆ ಎಲ್ಲದಕ್ಕೂ ಪಂಡಿತನಾಗಿಬಿಟ್ಟ. ಸೆಪ್ಟೆಂಬರ್ ರಜೆಗೆ ಹೆಂಡತಿ ತಾನ್ಯಾ, ಹನ್ನೆರಡರ ಮಗಳು ಇಂಡಿ, ಎಪ್ಪತ್ತೊಂದರ ಅತ್ತೆ ಗ್ಲೆನಿಸ್, ಮೂವರನ್ನೂ ಹತ್ತಿಸಿಕೊಂಡು ಬೆಟ್ಟದ ಕೊರಕಲುಗಳ ಕಡೆ ಹೊರಟ.

ಮುಂದಿನ ಸೀಟು ಅತ್ತೆಯದು. ಆ ಸೀಮೆಯಲ್ಲಿ ಮುಂದೆ ಕೂತವರೇ ಇಳಿದು ಗೇಟು ತೆಗೆಯಬೇಕು, ಗಾಡಿ ದಾಟಿದ ಮೇಲೆ ಹಾಕಿ ಬರಬೇಕು. ಮಂಡಿನೋವಿನ ಮುದುಕಿಗೆ ಯಾಕೆ ಈ ಕಷ್ಟ ಎಂದರೆ ಗ್ಲೆನಿಸ್ ಕೇಳಬೇಕಲ್ಲ. ಅವಳು ಹುಟ್ಟಿ ಬೆಳೆದದ್ದೇ ಇಂಥ ಕುರಿ ಫಾರ್ಮಿನಲ್ಲಿ. "ಗೇಟು ತೆಗೆಯೋಕಾಗದ ದಿನ ನನ್ನನ್ನ ಮನೇಲೇ ಬಿಟ್ಟು ಬನ್ನಿ," ಎಂದಳು. ಫಾರ್ಮಿನ ಒಡತಿ ಲೋರ್ನಾ, ತನ್ನ ಜಾಗದಲ್ಲಿ ಡೇರೆ ಹಾಕಲು ಒಪ್ಪಿಗೆ ಕೊಡುವಾಗ, "ಗೇಟು ಹೇಗಿದ್ವೋ ಹಾಗೇ ಬಿಡಿ, ಅಷ್ಟೇ ನಾನು ಕೇಳೋದು," ಎಂದಿದ್ದಳು. ಡಾರಿಲ್ ಟೋಪಿ ಮುಟ್ಟಿ, "ಅದನ್ನ ನಮಗೆ ಹೇಳ್ಬೇಕಾ!" ಎಂದು ನಕ್ಕಿದ್ದ.

ಗುರುವಾರ ಬೆಳಿಗ್ಗೆ ಒಣಹೊಳೆಯ ಮರಳು ಎದುರಾಯಿತು.

"ಗಾಲಿ ಗಾಳಿ ಸ್ವಲ್ಪ ಇಳಿಸಪ್ಪಾ ಮೊದ್ಲು," ಎಂದಳು ಗ್ಲೆನಿಸ್.

"ನನಗ್ಗೊತ್ತು ಅತ್ತೆ. ಇಷ್ಟು ಮರಳಿಗೆಲ್ಲ ಬೇಕಾಗಲ್ಲ."

ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಡಿ ಹೊಟ್ಟೆಮಟ್ಟ ಹೂತುಕೊಂಡಿತು. ಬಿಸಿಲಲ್ಲಿ ಎರಡು ಗಂಟೆ ತಾನ್ಯಾ, ಇಂಡಿ, ಡಾರಿಲ್ ಮೂವರೂ ಮರಳು ತೋಡಿದರು. ಗ್ಲೆನಿಸ್ ಒಂದು ಕಡ್ಡಿ ಹಿಡಿದು ಗಾಲಿಯಿಂದ ಗಾಲಿಗೆ ಹೋಗಿ ಗಾಳಿ ಬಿಟ್ಟಳು. ಗಾಡಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಎದ್ದು ಬಂತು. "ಅಜ್ಜಿ ಒಂದು, ಅಪ್ಪ ಸೊನ್ನೆ!" ಎಂದು ಇಂಡಿ ಚಪ್ಪಾಳೆ ತಟ್ಟಿದಳು. ಎಲ್ಲರೂ ನಕ್ಕರು. ಡಾರಿಲ್ ಕೂಡ ಹಲ್ಲು ಬಿಟ್ಟ, ಆದರೆ ಒಳಗೆ ಕುದಿಯುತ್ತಿದ್ದ.

ದಣಿದ ತಾಯಿ ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ಅರ್ಧ ಗಂಟೆಯ ಮೇಲೆ ಒಂದು ಗೇಟು ಬಂತು, ಹಾರುಹೊಡೆದಿತ್ತು. ದಾಟಿದರು. ದಾಟಿದ ಮೇಲೆ ಡಾರಿಲ್ ಬ್ರೇಕು ಒತ್ತಿದ.

"ಯಾವನೋ ಮುಚ್ಚದೇ ಹೋಗಿದಾನೆ ನೋಡಿ. ಪೇಟೆ ಜನಕ್ಕೆ ಬುದ್ಧಿ ಇಲ್ಲ."

"ಇಲ್ಲ ಕಣೋ, ತಂತಿ ಹಾಕಿ ಕಟ್ಟಿದಾರೆ. ಬೇಕಂತಲೇ ತೆಗೆದಿಟ್ಟಿರೋದು. ಬಿಡು."

"ತಂತಿ ಯಾವ ಕಾಲದ್ದೋ. ಕಾಡುಮೇಕೆ ನುಗ್ಗಿದ್ರೆ ತಪ್ಪು ನಮ್ಮ ಮೇಲೇ ಬರುತ್ತೆ."

"ಹೇಗಿತ್ತೋ ಹಾಗೇ ಬಿಡ್ಬೇಕು ಡಾರಿಲ್."

"ಅತ್ತೆ, ಎಲ್ಲದಕ್ಕೂ ನೀವೇ ಹೇಳ್ಕೊಡ್ಬೇಕಾ?"

ಇಳಿದ. ಕಂಬಕ್ಕೆ ಬಿಗಿದಿದ್ದ ತಂತಿಯನ್ನು ತಿರುಚಿ ಬಿಚ್ಚಿ, ಗೇಟು ಎಳೆದು ಸರಪಳಿ ಹಾಕಿದ. ತಂತಿಯನ್ನು ತನ್ನ ಬಾಗಿಲಿನ ಚೀಲದಲ್ಲಿ ತುರುಕಿ, ಡಬ್ಬೆಂದು ಬಾಗಿಲು ಹಾಕಿಕೊಂಡ. ಗ್ಲೆನಿಸ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಳಿಯನ ಜೊತೆ ಜಗಳವಾಡಿ ಮಗಳ ರಜೆ ಹಾಳು ಮಾಡುವ ಹೆಂಗಸಲ್ಲ ಅವಳು.

ಕೊರಕಲಿನಲ್ಲಿ ನಾಲ್ಕು ದಿನ ಸೊಗಸಾಗಿ ಕಳೆದವು. ಕೆಂಪು ಬಂಡೆಯ ನೆರಳು, ಕಲ್ಲುಗಳ ನಡುವೆ ಒಂದಿಷ್ಟು ತಣ್ಣಗಿನ ನೀರು. ಗ್ಲೆನಿಸ್ ಕೆಂಡದಲ್ಲಿ ಹೂತು ಬ್ರೆಡ್ಡು ಬೇಯಿಸಿ, ಮೇಲೆ ಸಕ್ಕರೆಪಾಕ ಸುರಿದು ಕೊಟ್ಟಳು. ಆದರೆ ಚಹಾಪುಡಿ ಡಬ್ಬಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಬೆಳಗೆಲ್ಲ ಹುಡುಕಿದಳು. ಇಂಡಿಯನ್ನು ಎರಡು ಸಲ, ಸತ್ತುಹೋದ ತನ್ನ ತಂಗಿಯ ಹೆಸರು ಹಿಡಿದು ಜೋನ್ ಎಂದು ಕರೆದಳು. ಬುಧವಾರ ಊರಿನಲ್ಲಿ ಡಾಕ್ಟರು ಅವಳ ನೆನಪಿನ ಪರೀಕ್ಷೆ ಮಾಡುವವರಿದ್ದರು. ಅದರಲ್ಲಿ ಸೋತರೆ ಕಾರು ಓಡಿಸುವಂತಿಲ್ಲ, ಒಬ್ಬಳೇ ಮನೆಯಲ್ಲಿರುವಂತಿಲ್ಲ.

ತಟ್ಟೆ ತೊಳೆಯುವಾಗ ಅವಳು ಡಾರಿಲ್ ಒಬ್ಬನ ಹತ್ತಿರ ಹೇಳಿದಳು: "ಕಾಲು ಹೋದ್ರೆ ಹೋಗ್ಲಿ ಡಾರಿಲ್, ಕಣ್ಣು ಹೋದ್ರೂ ಹೋಗ್ಲಿ. ತಲೆ ಹೋಗ್ಬಾರ್ದು. ನನಗೆ ಬೇರೆ ಯಾವ ಭಯಾನೂ ಇಲ್ಲ."

"ನಿಮ್ಮ ತಲೆ ನನ್ನ ತಲೆಗಿಂತ ಚೆನ್ನಾಗಿದೆ ಅತ್ತೆ," ಎಂದಿದ್ದ ಅವನು. ಮನಸ್ಸಿನಿಂದಲೇ ಹೇಳಿದ್ದ.

ಮೂರನೆಯ ದಿನ ಬಿಸಿಲು ಮೂವತ್ತೆಂಟಕ್ಕೆ ಏರಿತು. ನೀರಿನಲ್ಲಿ ಮಲಗಿದ್ದ ಡಾರಿಲ್‌ಗೆ ಒಮ್ಮೆ ಆ ಗೇಟು ನೆನಪಾಯಿತು. ಬರುವಾಗ ಗೇಟಿನ ಈಚೆ ಒಂದು ನೀರಿನ ತೊಟ್ಟಿ ಕಂಡಿತ್ತಲ್ಲ, ಆಚೆ ಇತ್ತೇ? ಹೋಗಿ ನೋಡಿಬರಬಹುದಿತ್ತು, ಒಂದು ಗಂಟೆಯ ದಾರಿ. ಹೋಗಲಿಲ್ಲ. ಹೋದರೆ ಯಾಕೆ ಎಂದು ಅತ್ತೆಗೆ ಗೊತ್ತಾಗಿಬಿಡುತ್ತಿತ್ತು.

ಸೋಮವಾರ ಡೇರೆ ಕಿತ್ತು ಹಿಂದಿರುಗಿದರು. ಗೇಟು ಇನ್ನೂ ದೂರವಿರುವಾಗಲೇ ವಾಸನೆ ಬಂತು.

ಬೇಲಿಯ ಆಚೆ ಕುರಿಗಳು ಒಂದರ ಮೇಲೊಂದು ಬಿದ್ದಿದ್ದವು. ತಾಯಿ ಕುರಿಗಳು, ಪಕ್ಕದಲ್ಲೇ ಮರಿಗಳು. ಬದುಕಿದ್ದವು ತಲೆ ತಗ್ಗಿಸಿ ತಂತಿಗೆ ಮೂತಿ ಒತ್ತಿ ನಿಂತಿದ್ದವು. ಆಚೆ ಹುಲ್ಲು, ಈಚೆ ನೀರು, ನಡುವೆ ಡಾರಿಲ್ ಹಾಕಿದ ಸರಪಳಿ. ಲೋರ್ನಾಳ ಗಾಡಿ ಆಗಷ್ಟೇ ಬಂದು ನಿಂತಿತ್ತು. ಅವಳ ಕೈಯಲ್ಲಿ ಬಂದೂಕಿತ್ತು, ಏಳಲಾರದವಕ್ಕೆ. ಇಂಡಿ ಕಣ್ಣು ಮುಚ್ಚಿಕೊಂಡು ಅತ್ತಳು.

ನಾಲ್ವರೂ ಇಳಿದರು. ಲೋರ್ನಾ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಗೇಟು ಯಾರು ನೋಡ್ಕೋತಿದ್ರಿ?"

"ಅಮ್ಮ," ಎಂದಳು ತಾನ್ಯಾ. ಪಾಪ, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ದಾರಿಯುದ್ದಕ್ಕೂ ಎಲ್ಲ ಗೇಟಿಗೂ ಇಳಿದವಳು ಅಮ್ಮನೇ.

ಡಾರಿಲ್ ಬಾಯಿ ತೆರೆದ. ಈಗ ಹೇಳಬೇಕು, ಹೇಳುತ್ತೇನೆ ಎಂದೇ ತೆರೆದ. ಎದುರಿಗೆ ಬಂದೂಕು ಹಿಡಿದ ಹೆಂಗಸು, ಕಾಲಬುಡದಲ್ಲಿ ಹೆಣಗಳು, ಪಕ್ಕದಲ್ಲಿ ಮಗಳು. ಬಾಯಿಂದ ಬಂದದ್ದು ಬೇರೆ ಮಾತು.

"ಬೈಬೇಡಿ ಅವರಿಗೆ," ಎಂದ ಮೆಲ್ಲಗೆ. "ಈಚೀಚೆಗೆ ಸ್ವಲ್ಪ ಮರೆವು."

ಥೂ, ಎಂಥ ಮಾತು! ಸುಳ್ಳಿನ ಮೇಲೆ ಕರುಣೆಯ ಸಕ್ಕರೆ ಬೇರೆ. ಆಡಿದ ಕೂಡಲೇ ಅವನ ಕಿವಿ ಕಾದುಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಗ್ಲೆನಿಸ್ ಅವನ ಮುಖ ನೋಡಿದಳು. ಸಿಟ್ಟಿನಿಂದಲ್ಲ, ಏನೋ ಕಳೆದುಕೊಂಡವಳ ಹಾಗೆ. ಆಮೇಲೆ ತನ್ನ ಎರಡು ಕೈಗಳನ್ನು ತಿರುಗಿಸಿ ನೋಡಿಕೊಂಡಳು.

"ನಾನಾ?" ಎಂದಳು. "ನಾನು ಮುಚ್ಚಿದ್ನಾ?" ಸರಪಳಿಯ ಕಡೆ ನೋಡಿ, "ನಾನೇ ಇರ್ಬೇಕು," ಎಂದಳು.

ಲೋರ್ನಾಳ ಮುಖದ ಬಿಗಿ ಸಡಿಲವಾಯಿತು. "ಹೋಗ್ಲಿ ಬಿಡಿ ಅಮ್ಮ. ನಮ್ಮಪ್ಪನಿಗೂ ಕೊನೇಗೆ ಹೀಗೇ ಆಗಿತ್ತು."

ಆ ಮೇಲಿನ ಎರಡು ಗಂಟೆ ಡಾರಿಲ್ ಕತ್ತೆಯ ಹಾಗೆ ದುಡಿದ. ಸತ್ತವನ್ನು ಕಾಲು ಹಿಡಿದು ಎಳೆದ, ಬಿದ್ದವಕ್ಕೆ ಕ್ಯಾನಿನಲ್ಲಿ ನೀರು ಹೊತ್ತ. ಯಾರ ಮುಖವನ್ನೂ ನೋಡಬೇಕಾಗಿ ಬರಲಿಲ್ಲ. ಆದರೆ ಕಿವಿ ಮುಚ್ಚಿಕೊಳ್ಳಲಾಗಲಿಲ್ಲ. ಗೇಟಿನ ಹತ್ತಿರ ಗ್ಲೆನಿಸ್ ನಿಂತಿದ್ದಳು.

"ಹತ್ತೇ ಹತ್ತು ಬಿಡು ಲೋರ್ನಾ. ಒಟ್ಟಿಗೆ ಬಿಟ್ರೆ ತೊಟ್ಟಿ ಹತ್ರ ಒಂದನ್ನೊಂದು ತುಳ್ಕೊಂಡು ಸಾಯ್ತವೆ. ನಾಯೀನ ಆ ಕಡೆ ಕೂರ್ಸು. ಮರಿಗಳ್ನ ನಂಗೆ ಕೊಡು. ಆ ಮೊದ್ಲು ಹೋದ ಹತ್ತನ್ನ ಈಚೆಗೆ ತಳ್ಳು, ಕುಡಿದದ್ದು ಸಾಕು ಅವಕ್ಕೆ."

ಒಂದೂ ತಪ್ಪಲಿಲ್ಲ. ಯಾವ ಕುರಿ ಕುಡಿದಿತ್ತು, ಯಾವುದು ಕುಡಿದಿಲ್ಲ, ಎಲ್ಲ ಅವಳಿಗೆ ಗೊತ್ತಿತ್ತು. ಲೋರ್ನಾ ಒಮ್ಮೆ ಕೆಲಸ ನಿಲ್ಲಿಸಿ ಮುದುಕಿಯನ್ನೂ ಡಾರಿಲ್‌ನನ್ನೂ ನೋಡಿದಳು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡಾರಿಲ್ ಟೋಪಿ ತೆಗೆದು ಸುಮ್ಮನೆ ಬೆವರು ಒರೆಸಿಕೊಂಡ.

ಒಟ್ಟು ಮೂವತ್ತೊಂದು ಸತ್ತಿದ್ದವು, ಮರಿಗಳನ್ನು ಬಿಟ್ಟು. "ನೀವು ಹೊರಡಿ, ಉಳಿದದ್ದು ನಾನು ನೋಡ್ಕೋತೀನಿ," ಎಂದಳು ಲೋರ್ನಾ.

ಗ್ಲೆನಿಸ್ ಹಿಂದಿನ ಬಾಗಿಲು ತೆಗೆದಳು. "ತಾನ್ಯಾ, ಮುಂದೆ ನೀನು ಕೂತ್ಕೋ. ಗೇಟು ನನ್ನ ಕೈಲಿ ಬೇಡ."

ಹೆದ್ದಾರಿಯವರೆಗೆ ಐದು ಗೇಟು. ಪ್ರತಿ ಗೇಟಿಗೂ ತಾನ್ಯಾ ಇಳಿದು ಹತ್ತುವಾಗ ಹಿಂದಿನಿಂದ ಗ್ಲೆನಿಸ್ ಕೇಳುತ್ತಿದ್ದಳು: "ಹೇಗಿತ್ತು? ಮುಚ್ಚಿತ್ತಾ? ಸರಿಯಾಗಿ ನೋಡ್ದ್ಯಾ?" ಡಾರಿಲ್‌ಗೆ ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು. ಒಂದು ಬೆಳಿಗ್ಗೆಯಲ್ಲಿ ಹತ್ತು ವರ್ಷ ವಯಸ್ಸಾಗಿತ್ತು ಅದಕ್ಕೆ.

ನಾಲ್ಕನೆಯ ಗೇಟು ದಾಟಿದ ಮೇಲೆ ಅವಳೆಂದಳು: "ಬುಧವಾರ ಡಾಕ್ಟರ ಹತ್ರ ಇದನ್ನೂ ಹೇಳ್ಬಿಡು ಮಗಳೇ. ಮುಚ್ಚಿಡ್ಬೇಡ. ಚಹಾ ಡಬ್ಬಿ ಮರೆತರೆ ಬೇರೆ ಮಾತು. ಇದು ಹಾಗಲ್ಲ."

"ಬಿಡಮ್ಮ, ಈಗ್ಯಾಕೆ ಅದು."

"ಇಲ್ಲ ಕಣೆ, ಕೇಳು. ಮರೆತಿದ್ರೆ ಇಷ್ಟು ಹೆದರ್ತಿರ್ಲಿಲ್ಲ. ಇಲ್ಲದ್ದು ನೆನಪಿದೆ ನಂಗೆ! ಡಾರಿಲ್ ಇಳಿದು ಮುಚ್ಚಿದ ಹಾಗೆ, ನಾನು ಬೇಡ ಬೇಡ ಅಂದ ಹಾಗೆ, ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ತಪ್ಪನ್ನ ಪಾಪ ಅವನ ತಲೆಗೆ ಕಟ್ಟಿದೆ ನೋಡು ಈ ಹಾಳು ತಲೆ. ನಾಳೆ ಇನ್ಯಾರ ಮೇಲೆ ಏನು ಹೇಳ್ತೀನೋ! ನನ್ನನ್ನ ಎಲ್ಲಾದ್ರೂ ಸೇರಿಸ್ಬಿಡಿ, ನಾನು ಬೇಡ ಅನ್ನಲ್ಲ."

ಡಾರಿಲ್ ಐದನೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿದ. ಎಂಜಿನ್ ಆರಿಸಿದ.

"ಅತ್ತೆ, ನಿಮ್ಮ ತಲೆ ಸರಿಯಾಗೇ ಇದೆ. ನಾನೇ ಮುಚ್ಚಿದ್ದು."

ಹಿಂದಿನಿಂದ ಒಂದು ಕೈ ಬಂದು ಅವನ ಭುಜ ತಟ್ಟಿತು.

"ಒಳ್ಳೇ ಹುಡುಗ ನೀನು," ಎಂದಳು ಗ್ಲೆನಿಸ್. "ಮುದುಕಿ ಸಮಾಧಾನಕ್ಕೆ ಅಂತ ಮೈಮೇಲೆ ಎಳ್ಕೋತಿದೀಯ. ಬೇಡಪ್ಪ."

ತಾನ್ಯಾಳ ಕಣ್ಣು ತುಂಬಿತ್ತು. ಅವನ ತೊಡೆಯ ಮೇಲೆ ಕೈಯಿಟ್ಟು, "ಥ್ಯಾಂಕ್ಸ್ ಡಾರಿಲ್," ಎಂದು ಪಿಸುಗುಟ್ಟಿದಳು. ಮದುವೆಯಾಗಿ ಹದಿನೈದು ವರ್ಷದಲ್ಲಿ ಅವಳು ಅವನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಕಡಿಮೆ.

ನಿಜ ಹೇಳಿಯಾಯಿತಲ್ಲ! ನಂಬದಿದ್ದರೆ ಅವನೇನು ಮಾಡಿಯಾನು? ಇಲ್ಲಿಗೇ ಬಿಟ್ಟರೆ ತಪ್ಪೊಪ್ಪಿಕೊಂಡ ಪುಣ್ಯವೂ ಬಂತು, ಒಳ್ಳೆಯವನೆಂಬ ಹೆಸರೂ ಉಳಿಯಿತು. ಅವನ ಮನಸ್ಸು ಹಾಗೆ ಲೆಕ್ಕ ಹಾಕಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆ ಲೆಕ್ಕ ಕಂಡು ಅವನಿಗೇ ಹೇಸಿಗೆಯಾಯಿತು. ಕುರಿ ಸತ್ತದ್ದಕ್ಕಿಂತ, ಸುಳ್ಳು ಆಡಿದ್ದಕ್ಕಿಂತ, ಈಗ ತೊಡೆಯ ಮೇಲಿದ್ದ ಆ ಕೈ ಅವನನ್ನು ಸುಡುತ್ತಿತ್ತು.

ಬಾಗಿಲಿನ ಚೀಲಕ್ಕೆ ಕೈ ಹಾಕಿ ತಂತಿಯನ್ನು ಹೊರತೆಗೆದು ಹಿಂದಕ್ಕೆ ಚಾಚಿದ.

ಗ್ಲೆನಿಸ್ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ತುಕ್ಕು ಹಿಡಿದ ತಂತಿ, ಎರಡು ಕಡೆಯೂ ಇಕ್ಕಳದಲ್ಲಿ ತಿರುಚಿದ ಗುರುತು.

"ಇದು ಆ ಕಂಬದ್ದು," ಎಂದಳು ನಿಧಾನವಾಗಿ. "ನೀನು ಕಿತ್ತು ಈ ಚೀಲಕ್ಕೆ ತುರುಕಿದೆ. ಡಬ್ಬಂತ ಬಾಗಿಲು ಹಾಕ್ದೆ. ಪೇಟೆ ಜನಕ್ಕೆ ಬುದ್ಧಿ ಇಲ್ಲ ಅಂದಿದ್ದೆ."

"ಹೌದು ಅತ್ತೆ."

"ಎಲ್ಲದಕ್ಕೂ ನೀವೇ ಹೇಳ್ಕೊಡ್ಬೇಕಾ, ಅಂದಿದ್ದೆ."

"ಹೌದು."

"ನಂಗೆ ನೆನಪಿತ್ತು!" ಗ್ಲೆನಿಸ್ ಮಗುವಿನ ಹಾಗೆ ಬಿಕ್ಕಿದಳು. "ಅಯ್ಯೋ ದೇವರೇ, ನಂಗೆ ಎಲ್ಲಾ ನೆನಪಿತ್ತು ತಾನ್ಯಾ!"

ತಾನ್ಯಾ ತೊಡೆಯ ಮೇಲಿನ ಕೈಯನ್ನು ತೆಗೆದಳು. ಇಂಡಿ ಅಪ್ಪನನ್ನು ನೋಡಿದಳು, ಆಮೇಲೆ ನೋಡಲಿಲ್ಲ.

"ಅತ್ತೆ, ನಾನು..."

"ನಂಗೇನೂ ಹೇಳ್ಬೇಡ ಈಗ," ಎಂದಳು ಗ್ಲೆನಿಸ್, ಮೂಗು ಒರೆಸಿಕೊಂಡು. "ಗಾಡಿ ತಿರುಗಿಸು."

"ಊರು ಮುಟ್ಟಿ ಫೋನ್ ಮಾಡಿ ಹೇಳ್ತೀನಿ, ಖಂಡಿತ."

"ತಿರುಗಿಸು ಅಂದೆ."

ಅವಳು ಇಳಿದು ಮುಂದಿನ ಬಾಗಿಲು ತೆಗೆದಳು, ತಾನ್ಯಾ ಹಿಂದಕ್ಕೆ ಹೋದಳು. ಗ್ಲೆನಿಸ್ ತನ್ನ ಸೀಟಿನಲ್ಲಿ ಕೂತು, ತಂತಿಯನ್ನು ಮಡಿಲಲ್ಲಿಟ್ಟುಕೊಂಡು ಬೆಲ್ಟು ಹಾಕಿಕೊಂಡಳು. ನಾಲ್ಕನೆಯ ಗೇಟು ಬಂದಾಗ ಅಲುಗಾಡಲಿಲ್ಲ.

"ಇಳಿ. ನೀನೇ ತೆಗಿ."

ಇಳಿದ, ತೆಗೆದ, ಹತ್ತಿದ, ದಾಟಿಸಿದ, ಮತ್ತೆ ಇಳಿದ, ಹಾಕಿದ, ಮತ್ತೆ ಹತ್ತಿದ. ಪ್ರತಿ ಗೇಟಿಗೂ ಗಾಜಿನ ಹಿಂದಿನಿಂದ ಮೂರು ಜೊತೆ ಕಣ್ಣು ಅವನ ಬೆನ್ನ ಮೇಲಿದ್ದವು. ನಾಲ್ಕೂ ಗೇಟಿಗೂ ಹಾಗೆಯೇ.

ಬೇಲಿಯ ಬಳಿ ಲೋರ್ನಾ ಇನ್ನೂ ಇದ್ದಳು. ಗುದ್ದಲಿ ಊರಿ ನಿಂತು, ಹಿಂದಿರುಗಿದ ಗಾಡಿಯನ್ನು ನೋಡಿದಳು. "ಏನಾದ್ರೂ ಮರೆತು ಹೋದ್ರಾ ಅಮ್ಮ?" ಎಂದು ಗ್ಲೆನಿಸ್‌ಳನ್ನು ಕೇಳಿದಳು, ಮಗುವನ್ನು ಕೇಳುವ ದನಿಯಲ್ಲಿ.

"ನಾನು ಏನೂ ಮರೆತಿಲ್ಲ," ಎಂದಳು ಗ್ಲೆನಿಸ್, ಮತ್ತು ತಂತಿಯನ್ನು ಅಳಿಯನ ಕೈಗೆ ಕೊಟ್ಟಳು. "ಹೇಳು."

ಡಾರಿಲ್ ಟೋಪಿ ತೆಗೆದ. ಕುರಿಗಳು ನೀರು ಕುಡಿಯುತ್ತಿದ್ದವು.