ಜೇನುಬೀಗರು

"ಎರಡೂ ಪೆಟ್ಟಿಗೆ ಹಾಗೇ ಇರ್ಲಿ ಬೀಗರೇ. ಇನ್ನೊಂದ್ಸಲ ಸಕ್ಕರೆ ಪಾಕ ಇಟ್ಟು ನೋಡೋಣ," ಎಂದಳು ಅಲ್ದೋನಾ.

ಯುಸ್ತಿನಸ್ ಪೆಟ್ಟಿಗೆಯಿಂದ ಜೇನೆರಿಯ ಚೌಕಟ್ಟನ್ನು ಎತ್ತಿ ಬಿಸಿಲಿಗೆ ಹಿಡಿದ. ನಡುವೆ ಅಂಗೈಯಗಲ ಹುಳ, ಅಷ್ಟೇ. "ಸೆಪ್ಟೆಂಬರ್ ಮುಗೀತಾ ಬಂತು. ಪಾಕ ಕುಡಿಯೋಕೆ ಹುಳ ಎಲ್ಲಿವೆ ಇದ್ರಲ್ಲಿ? ಎರಡನ್ನೂ ಕೂಡಿಸ್ಲೇಬೇಕು."

ಅಲ್ದೋನಾಗೆ ಅದು ಗೊತ್ತಿಲ್ಲದ್ದೇನಲ್ಲ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ನಿಂತು ಸವೆದ ಮಂಡಿಗಳನ್ನು ಎಳೆದುಕೊಂಡು ಬೆಳಗ್ಗೆಯಿಂದ ಮೂರು ಪೆಟ್ಟಿಗೆಗಳನ್ನು ಚಳಿಗಾಲಕ್ಕೆ ಸಜ್ಜು ಮಾಡಿ ಮುಗಿಸಿದ್ದಳು. ಬಾಗಿಲು ಕಿರಿದು ಮಾಡಿ, ಇಲಿ ನುಗ್ಗದಂತೆ ತಗಡು ಬಡಿದು, ಹುಲ್ಲುಚಾಪೆ ಹೊದಿಸಿಯಾಗಿತ್ತು. ಉಳಿದ ಎರಡರಲ್ಲೂ ಹುಳ ಕಡಿಮೆ. ಬೇರೆ ಬೇರೆಯಾಗಿಯೇ ಬಿಟ್ಟರೆ ಎರಡೂ ಜನವರಿ ದಾಟುವುದಿಲ್ಲ. ಒಂದು ಪೆಟ್ಟಿಗೆಗೆ ಒಂದೇ ರಾಣಿ, ಕೂಡಿಸಬೇಕಾದರೆ ಮೊದಲು ಒಂದು ರಾಣಿಯನ್ನು ಕೊಲ್ಲಬೇಕು.

ಕೊಲ್ಲಬೇಕಾದ ಮುದಿ ರಾಣಿ ಬ್ರೋನೆಯದು. ಲಿಥುವೇನಿಯಾದ ಈ ಹಳ್ಳಿಗಳಲ್ಲಿ ಜೇನುಹುಳ ಮಾರಿದರೆ ಮಾನ ಹೋದಂತೆ. ಹಿಂಡನ್ನು ಕೊಡುತ್ತಾರೆ, ಕೊಟ್ಟವರೂ ಪಡೆದವರೂ ಹೆಣ್ಣು ಕೊಟ್ಟು ತಂದವರ ಹಾಗೆ ಬೀಗರಾಗುತ್ತಾರೆ. ಯುಸ್ತಿನಸ್‌ನ ಹೆಂಡತಿ ಬ್ರೋನೆ ಮೂರು ವರ್ಷದ ಹಿಂದೆ ಅಲ್ದೋನಾಗೆ ಬುಟ್ಟಿಯಲ್ಲಿ ಈ ಹಿಂಡು ತಂದು ಕೊಟ್ಟಿದ್ದಳು. ಈ ಮಾರ್ಚಿನಲ್ಲಿ ತೀರಿಕೊಂಡಳು. ಆಮೇಲೆ ಬೇಸಿಗೆಯಿಡೀ ಅವನು ತನ್ನ ಹಿತ್ತಲಿಗೆ ಇಳಿಯಲಿಲ್ಲ. ಅಲ್ಲಿನ ಪೆಟ್ಟಿಗೆಗಳೆಲ್ಲ ಬರಿದಾದವು. ಊರಲ್ಲಿ ಯಾರ ಹೊಸ್ತಿಲನ್ನೂ ತುಳಿಯದವನು ಇಲ್ಲಿಗೆ ಮಾತ್ರ ಬರುತ್ತಿದ್ದ, ಈ ಒಂದು ಪೆಟ್ಟಿಗೆ ನೋಡಲು. ಇದೂ ಹೋದರೆ ಇನ್ನು ಬರುವುದುಂಟೇ? ಅವಳ ಹೆದರಿಕೆಯೆಲ್ಲ ಅದೇ.

"ನನ್ನ ರಾಣೀನೇ ತೆಗೆದುಬಿಡ್ತೀನಿ," ಎಂದಳು.

"ತಲೆ ನೆಟ್ಟಗಿದ್ಯಾ ಬೀಗಿತ್ತಿ? ನಿಮ್ಮದು ಈ ವರ್ಷದ್ದು. ಇವಳು ಜುಲೈನಲ್ಲೇ ಮೊಟ್ಟೆ ನಿಲ್ಸಿದ್ದಾಳೆ."

"ಇರ್ಲಿ ಬಿಡಿ."

"ಇದ್ದಬದ್ದ ಹುಳಾನೂ ಸಾಯುತ್ತೆ. ಬ್ರೋನೆ ಇದ್ದಿದ್ರೆ ಚೆನ್ನಾಗಿ ಉಗೀತಿದ್ಲು."

"ಬ್ರೋನೆ ಇದ್ದಿದ್ರೆ ನಿಮ್ಹತ್ರ ಯಾಕೆ ನಾನು ವಾದ ಮಾಡ್ತಿದ್ದೆ?"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಜೇನಿನ ಎದುರು ಜಗಳವಾಡಬಾರದು ಎನ್ನುತ್ತಾರೆ ಇಲ್ಲಿ.

ಯುಸ್ತಿನಸ್ ಕೈಗವಸು ಕಳಚಿದ. ರಾಣಿ ಕೊನೆಯ ಚೌಕಟ್ಟಿನಲ್ಲಿದ್ದಳು. ಬೆನ್ನ ಮೇಲೆ ಬ್ರೋನೆ ತನ್ನ ಉಗುರುಬಣ್ಣದಿಂದ ಇಟ್ಟಿದ್ದ ಕೆಂಪು ಬೊಟ್ಟು ಅರ್ಧ ಅಳಿಸಿತ್ತು. ಎರಡು ಬೆರಳಲ್ಲಿ ಎತ್ತಿಕೊಂಡು ಬಹಳ ಹೊತ್ತು ನಿಂತ. ಅಲ್ದೋನಾ ಬೇಲಿಯ ಕಡೆ ಮುಖ ತಿರುಗಿಸಿದಳು. ಮತ್ತೆ ನೋಡಿದಾಗ ಅವನು ಬೆಂಕಿಪೊಟ್ಟಣದ ಕಡ್ಡಿಗಳನ್ನು ಜೇಬಿಗೆ ಸುರಿದುಕೊಂಡು, ಖಾಲಿ ಪೊಟ್ಟಣದೊಳಗೆ ಸತ್ತ ರಾಣಿಯನ್ನು ಮಲಗಿಸುತ್ತಿದ್ದ.

ಉಳಿದದ್ದು ಬೇಗ ಮುಗಿಯಿತು. ಅಲ್ದೋನಾಳ ಪೆಟ್ಟಿಗೆಯ ಮೇಲೆ ಹಳೆಯ ಪತ್ರಿಕೆಯ ಹಾಳೆ ಹಾಸಿ, ಮೊಳೆಯಿಂದ ನಾಲ್ಕಾರು ತೂತು ಚುಚ್ಚಿ, ಬ್ರೋನೆಯ ಪೆಟ್ಟಿಗೆಯನ್ನು ಮೇಲಿಟ್ಟರು.

"ಮೂರ್ನಾಲ್ಕು ದಿನಕ್ಕೆ ಕಾಗದ ಕಡಿದು ಒಂದಾಗ್ತವೆ," ಎಂದ.

"ಒಳಗ್ಬನ್ನಿ. ಬ್ರೆಡ್ಡಿದೆ, ಗಿಣ್ಣಿದೆ."

"ಬೇಡ. ಸಾಕಾಗಿದೆ ಇವತ್ತು."

ಬರುತ್ತೇನೆ ಎನ್ನಲಿಲ್ಲ. ಅಲ್ದೋನಾ ಬೆಂಚಿನ ಮೇಲೆ ಕುಸಿದಳು. ಗೇಟು ದಾಟಿದವನು ತನ್ನ ಮನೆಯತ್ತ ತಿರುಗದೆ ಬ್ರೋನೆ ಮಲಗಿದ್ದ ಸ್ಮಶಾನದ ದಾರಿ ಹಿಡಿದ. ಸತ್ತ ಜೇನನ್ನು ಇಲ್ಲಿ ಎಸೆಯುವುದಿಲ್ಲ, ಮಣ್ಣು ಮಾಡುತ್ತಾರೆ. ಆದರೆ ಅದಕ್ಕೆ ಹಿತ್ತಲ ಮೂಲೆಯೇ ಸಾಕಿತ್ತು.

ಈರುಳ್ಳಿ ಮಡಿಯಲ್ಲಿದ್ದ ಕೈಗುದ್ದಲಿ ಕಿತ್ತುಕೊಂಡು, ಮಂಡಿಯನ್ನು ಬೈಯುತ್ತಾ ಅವಳು ರಸ್ತೆಗಿಳಿದಳು.

"ನಿಂತ್ಕೊಳ್ಳಿ ಬೀಗರೇ! ಬರಿಗೈಲಿ ಏನು ಅಗೀತೀರಿ?"

ಅವನು ತಿರುಗಿ ನೋಡಲಿಲ್ಲ. ಕಾಲುದಾರಿಯ ಒಂದು ಬದಿಗೆ ಸರಿದು, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟು ನಿಂತ.